ಪೆನ್ನಿ ಪೆನ್ನಿ ಕೂಡಿಸಿ ಕಟ್ಟಿದ ಚರ್ಚು

19ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ವರ್ಷಕ್ಕೊಂದು ಡೈರೆಕ್ಟರಿ ಅಚ್ಚು ಹಾಕಿಸುತ್ತಿದ್ದರು. ಹಬ್ಬಗಳ ಪಟ್ಟಿ, ಯಾವ ಊರಲ್ಲಿ ಯಾವ ಪಾದ್ರಿ ಇದ್ದಾರೆ, ಪೂಜೆ ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿ ಸಿಗುತ್ತಿತ್ತು. ಜೊತೆಗೆ ಪುಟಗಟ್ಟಲೆ ಮನವಿಗಳು. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಆ ಮನವಿಗಳ ಬಗ್ಗೆ. ಅವುಗಳ ಧಾಟಿ ಹೆಚ್ಚುಕಡಿಮೆ ಒಂದೇ. ಮೊದಲು ಊರಿನ ಹೆಸರು. ಅಲ್ಲಿ ಕ್ಯಾಥೊಲಿಕರು ಎಷ್ಟು ಜನ, ಅವರಲ್ಲಿ ಬಡವರೆಷ್ಟು. ಪೂಜೆ ನಡೆಯುತ್ತಿರುವುದು ಬಾಡಿಗೆ ಕೋಣೆಯಲ್ಲೋ ಹಳೆ ಗೋದಾಮಿನಲ್ಲೋ, ಅದೂ ಜನ ಹಿಡಿಸುವುದಿಲ್ಲ. ಮಕ್ಕಳಿಗೆ ಶಾಲೆ ಇಲ್ಲ. ಸಾಲ ಇಷ್ಟಿದೆ. ಹಣ ಕಳಿಸಬೇಕಾದ ಬ್ಯಾಂಕು ಇದು, ಪಾದ್ರಿಯ ವಿಳಾಸ ಇದು. ಕೊನೆಗೆ, ಕೊಟ್ಟವರಿಗಾಗಿ ಇಂತಿಷ್ಟು ಪೂಜೆ ಸಲ್ಲಿಸುತ್ತೇವೆ ಅನ್ನುವ ಮಾತು.

ಆ ಕಾಲಕ್ಕೆ ಇಂಗ್ಲೆಂಡಿಗಿಂತ ಶ್ರೀಮಂತ ದೇಶ ಇನ್ನೊಂದಿರಲಿಲ್ಲ. ಅಂಥ ದೇಶದಲ್ಲಿ ಒಂದು ಚರ್ಚು ವರ್ಷವರ್ಷವೂ ಕೈಯೊಡ್ಡಿ ನಿಲ್ಲಬೇಕಾಯಿತು ಯಾಕೆ? ಇದನ್ನು ಬೆನ್ನುಹತ್ತಿ ಓದಿದಂತೆಲ್ಲ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಬಂತು. ಯಾರು ಯಾವ ಬೆಂಚಿನಲ್ಲಿ ಕೂರಬೇಕು, ಯಾರು ಹೊರಗೆ ಉಳಿಯಬೇಕು, ಮೊದಲು ಚರ್ಚು ಕಟ್ಟಬೇಕೋ ಶಾಲೆ ಕಟ್ಟಬೇಕೋ, ಪಾದ್ರಿಯ ವಾರ ಹೇಗೆ ಕಳೆಯಬೇಕು, ಇದನ್ನೆಲ್ಲ ಅಲ್ಲಿ ತೀರ್ಮಾನಿಸುತ್ತಿದ್ದುದು ವಂತಿಗೆ. ಆ ಚರ್ಚಿನ ಬದುಕು ಅರ್ಥವಾಗಬೇಕಾದರೆ ಅದರ ಕಾಣಿಕೆ ಡಬ್ಬಿಯನ್ನು ನೋಡಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ರೋಮಿನ ಸಂಬಂಧ ಕಡಿದುಕೊಂಡಾಗ ಹಳೆಯ ಚರ್ಚುಗಳು, ಮಠಗಳು, ಜಮೀನು, ಎಲ್ಲ ಕೈಬಿಟ್ಟವು. ಹಳೆ ಧರ್ಮದಲ್ಲೇ ಉಳಿದವರ ಹತ್ತಿರ ಉಳಿದದ್ದು ಕೆಲವು ಜಮೀನ್ದಾರರ ಮನೆಯ ಪೂಜಾ ಕೋಣೆಗಳು. ಲಂಡನ್ನಿನಲ್ಲಿ ವಿದೇಶಿ ರಾಯಭಾರಿಗಳ ಸಣ್ಣ ಪೂಜಾಮಂದಿರಗಳು, ಅಂದರೆ ಚಾಪೆಲ್‌ಗಳಿದ್ದವು. ಸಾರ್ಡೀನಿಯಾದ್ದು, ಬವೇರಿಯಾದ್ದು, ಸ್ಪೇನಿನದು, ಪೋರ್ಚುಗಲ್‌ನದು. ಅವು ರಾಯಭಾರಿಯ ಜಾಗ ಆದ್ದರಿಂದ ಅಲ್ಲಿ ಪೂಜೆ ನಡೆಯುತ್ತಿತ್ತು, ಊರಿನ ಕ್ಯಾಥೊಲಿಕರು ಅಲ್ಲಿಗೇ ಹೋಗುತ್ತಿದ್ದರು. ಅದಕ್ಕೂ ನೆಮ್ಮದಿ ಇರಲಿಲ್ಲ. 1780ರ ಜೂನ್‌ನಲ್ಲಿ ಕ್ಯಾಥೊಲಿಕರ ವಿರುದ್ಧ ಗಾರ್ಡನ್ ದಂಗೆ ಎದ್ದಾಗ ಜನ ಮೊದಲು ನುಗ್ಗಿದ್ದು ಸಾರ್ಡೀನಿಯಾ ಮತ್ತು ಬವೇರಿಯಾ ಚಾಪೆಲ್‌ಗಳಿಗೆ.

1791ರ ಕಾನೂನು ಕ್ಯಾಥೊಲಿಕರಿಗೆ ಬಹಿರಂಗವಾಗಿ ಪೂಜೆ ಮಾಡಲು ಅವಕಾಶ ಕೊಟ್ಟಿತು. ಷರತ್ತುಗಳನ್ನು ಕೇಳಿ. ಕಟ್ಟಡವನ್ನು ನೋಂದಾಯಿಸಬೇಕು. ಗೋಪುರ ಇರಬಾರದು, ಗಂಟೆ ಇರಬಾರದು. ಪೂಜೆಯ ಹೊತ್ತಿಗೆ ಬಾಗಿಲಿಗೆ ಅಗಳಿ ಹಾಕಬಾರದು. ಹಾಗಾಗಿ ಆ ಕಾಲದ ಚಾಪೆಲ್‌ಗಳು ಬೀದಿಯಿಂದ ನೋಡಿದರೆ ಯಾವುದೋ ಮನೆ, ಯಾವುದೋ ಮಳಿಗೆ ಅನ್ನಿಸುವಂತೆ ಇದ್ದವು. 1829ರಲ್ಲಿ ಪಾರ್ಲಿಮೆಂಟಿನ ಬಾಗಿಲೂ ತೆರೆಯಿತು. ಆದರೆ ಅದೇ ಕಾನೂನಿನಲ್ಲಿ ಸನ್ಯಾಸಿಗಳು ತಮ್ಮ ಉಡುಪು ಹಾಕಿಕೊಂಡು ಬೀದಿಯಲ್ಲಿ ಓಡಾಡಿದರೆ ದಂಡ ಅಂತಲೂ ಬರೆದಿತ್ತು.

ಇನ್ನೊಂದು ತೊಡಕು ಹಣಕ್ಕೇ ಸಂಬಂಧಪಟ್ಟದ್ದು. ಸಾಯುವಾಗ ಒಬ್ಬ ಕ್ಯಾಥೊಲಿಕ ಏನು ಬಯಸುತ್ತಾನೆ? ತನ್ನ ಆತ್ಮಕ್ಕಾಗಿ ಪೂಜೆ ನಡೆಯಲಿ, ಅದಕ್ಕೊಂದಿಷ್ಟು ಹಣ ಎತ್ತಿಡೋಣ ಅಂತ. ಇಂಗ್ಲೆಂಡಿನ ನ್ಯಾಯಾಲಯಗಳು ಇಂಥ ಉಯಿಲನ್ನು ಮೂಢನಂಬಿಕೆಗೆ ಬಿಟ್ಟ ಹಣ ಎಂದು ಲೆಕ್ಕ ಹಾಕಿ ರದ್ದು ಮಾಡುತ್ತಿದ್ದವು. 1835ರ ಒಂದು ತೀರ್ಪು ಇದನ್ನು ಗಟ್ಟಿ ಮಾಡಿತು. ಅದು ಬದಲಾದದ್ದು 1919ರಲ್ಲಿ, ಹೌಸ್ ಆಫ್ ಲಾರ್ಡ್ಸ್ ತೀರ್ಪಿನಿಂದ. ಅಂದರೆ ನಾವು ಮಾತಾಡುತ್ತಿರುವ ಅಷ್ಟೂ ಕಾಲ, ಬೇರೆ ದೇಶಗಳಲ್ಲಿ ಚರ್ಚುಗಳನ್ನು ತಲೆಮಾರುಗಟ್ಟಲೆ ಸಾಕಿದ ಆ ದಾರಿ ಇಲ್ಲಿ ಮುಚ್ಚಿತ್ತು. ಜಮೀನಿಲ್ಲ, ಸರ್ಕಾರದ ಸಂಬಳ ಇಲ್ಲ, ಪೂಜೆಗೆ ಬಿಟ್ಟ ಹಣಕ್ಕೆ ಕಾನೂನಿನ ರಕ್ಷಣೆ ಇಲ್ಲ. ಉಳಿದದ್ದು ಬದುಕಿರುವವರನ್ನು ಕೇಳುವುದು ಒಂದೇ.

ಇಲ್ಲಿ ನಮಗೆ ಹತ್ತಿರದ ಒಂದು ಸಂಗತಿ ಹೇಳಿಬಿಡುತ್ತೇನೆ. 1908ರವರೆಗೂ ರೋಮಿನ ಲೆಕ್ಕದಲ್ಲಿ ಇಂಗ್ಲೆಂಡ್ ಒಂದು ಮಿಷನ್ ಪ್ರದೇಶ. ಅದನ್ನು ನೋಡಿಕೊಳ್ಳುತ್ತಿದ್ದುದು ಪ್ರೊಪಗಾಂಡಾ ಫಿಡೆ ಅನ್ನುವ ಕಚೇರಿ. ನಮ್ಮ ಮಂಗಳೂರು, ಮೈಸೂರಿನ ಮಿಷನ್‌ಗಳೂ ಅದೇ ಕಚೇರಿಯ ಕೈಕೆಳಗೆ ಇದ್ದವು. 1822ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲೀನ್ ಜಾರಿಕೊ ಎಂಬ ಹೆಣ್ಣುಮಗಳ ಮುತುವರ್ಜಿಯಿಂದ ಒಂದು ಸಂಘ ಹುಟ್ಟಿತು. ಒಬ್ಬೊಬ್ಬರು ವಾರಕ್ಕೆ ಒಂದು ಸೂ, ಅಂದರೆ ಅಲ್ಲಿನ ಚಿಲ್ಲರೆ ಕಾಸು ಕೊಡಬೇಕು. ಹತ್ತು ಜನರಿಂದ ಒಬ್ಬರು ಸಂಗ್ರಹಿಸಬೇಕು. ಹೀಗೆ ಕೂಡಿದ ಹಣ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ಪಾದ್ರಿಗಳಿಗೂ ಬರುತ್ತಿತ್ತು, ಇಂಗ್ಲೆಂಡಿನ ಬಡ ಮಿಷನ್‌ಗಳಿಗೂ ಹೋಗುತ್ತಿತ್ತು. ಲಿಯೋನ್‌ನ ರೇಷ್ಮೆ ನೇಯುವ ಬಡವರ ಕಾಸು ಲಂಡನ್ನಿಗೆ ನೆರವಾಗುತ್ತಿತ್ತು ಅನ್ನುವುದನ್ನು ಯೋಚಿಸಿ ನೋಡಿ.

ಆಮೇಲೆ ಬಂತು ಐರ್ಲೆಂಡಿನ ಬರ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಹೋಯಿತು. ತಿನ್ನಲು ಇಲ್ಲದ ಜನ ಸಿಕ್ಕಿದ ಹಡಗು ಹತ್ತಿದರು. ಹತ್ತಿರದ ದೊಡ್ಡ ಬಂದರು ಲಿವರ್‌ಪೂಲ್. 1847 ಒಂದೇ ವರ್ಷ ಸುಮಾರು 3 ಲಕ್ಷ ಐರಿಷ್ ಜನ ಅಲ್ಲಿ ಬಂದಿಳಿದರು. ಊರಿನ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟು! ಎಷ್ಟೋ ಜನ ಅಲ್ಲಿಂದ ಅಮೆರಿಕಕ್ಕೆ ಹೋದರು. ಹೋಗಲು ಕಾಸಿಲ್ಲದವರು, ಮೈಯಲ್ಲಿ ಶಕ್ತಿ ಇಲ್ಲದವರು ಉಳಿದರು. ಅವರಿಗೆ ಸಿಕ್ಕಿದ್ದು ನೆಲಮಾಳಿಗೆ. ಕಿಟಕಿ ಇಲ್ಲದ, ಒದ್ದೆ ಗೋಡೆಯ ನೆಲಮಾಳಿಗೆಯಲ್ಲಿ ಒಂದೊಂದು ಕೋಣೆಗೆ ಎರಡು ಮೂರು ಸಂಸಾರ. ಟೈಫಸ್ ಜ್ವರ ಹಬ್ಬಲು ಇನ್ನೇನು ಬೇಕು?

ಆ ವರ್ಷ ಲಿವರ್‌ಪೂಲಿನಲ್ಲಿ ಹತ್ತು ಕ್ಯಾಥೊಲಿಕ್ ಪಾದ್ರಿಗಳು ಜ್ವರದಿಂದ ಸತ್ತರು. ಇದು ಹೇಗಾಯಿತು ಅಂತ ಬಿಡಿಸಿ ಹೇಳಬೇಕು. ಸಾಯುತ್ತಿರುವವನ ಪಾಪನಿವೇದನೆಯನ್ನು ಪಾದ್ರಿ ಕೇಳಲೇಬೇಕು. ಕೋಣೆಯಲ್ಲಿ ಹತ್ತು ಜನ ಇದ್ದಾರೆ, ಅದು ಬೇರೆಯವರ ಕಿವಿಗೆ ಬೀಳಬಾರದು. ಹಾಗಾಗಿ ಪಾದ್ರಿ ನೆಲದ ಹುಲ್ಲಿನ ಮೇಲೆ ರೋಗಿಯ ಪಕ್ಕದಲ್ಲೇ ಬಗ್ಗಿ, ಬಾಯಿಯ ಹತ್ತಿರ ಕಿವಿ ಇಡುತ್ತಿದ್ದರು. ಆಮೇಲೆ ಕಣ್ಣು, ಕಿವಿ, ಕೈಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಟೈಫಸ್ ಹರಡುವುದು ಹೇನಿನಿಂದ. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಅಪಾಯ ಇದೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಹೋದರು. ಲಿವರ್‌ಪೂಲಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಅಂಗಳದಲ್ಲಿ ಅವರ ಹೆಸರಿನ ಸ್ಮಾರಕ ಇದೆ.

ಈ ಸಾವುಗಳನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮುಂದಿನ ಐವತ್ತು ವರ್ಷ ಐರಿಷ್ ಕೂಲಿಗಳು ತಮ್ಮ ಪಾದ್ರಿ ಕೇಳಿದಾಗ ಇಲ್ಲ ಅನ್ನದೆ ಪೆನ್ನಿ ತೆಗೆದುಕೊಟ್ಟರಲ್ಲ, ಆ ನಂಬಿಕೆ ಹುಟ್ಟಿದ್ದು ಈ ನೆಲಮಾಳಿಗೆಗಳಲ್ಲಿ. ಹೆನ್ರಿ ಮೇಹ್ಯೂ ಅಂತ ಒಬ್ಬ ಪತ್ರಕರ್ತ ಆ ಕಾಲದಲ್ಲಿ ಲಂಡನ್ನಿನ ಬಡವರ ಬದುಕನ್ನು ಬೀದಿ ಬೀದಿ ಸುತ್ತಿ ಬರೆದ. ಅವನು ಕ್ಯಾಥೊಲಿಕನಲ್ಲ. ಒಮ್ಮೆ ಪಾದ್ರಿಯೊಬ್ಬರ ಜೊತೆ ಐರಿಷ್ ಕೇರಿಯಲ್ಲಿ ನಡೆದು ಹೋದ. ಹೆಂಗಸರು ಬಾಗಿಲಿಗೆ ಓಡಿ ಬಂದರಂತೆ. ನೆಲಮಾಳಿಗೆಯಲ್ಲಿದ್ದವರು ಮುಚ್ಚಳದ ಬಾಗಿಲು ತಳ್ಳಿಕೊಂಡು ಮೇಲೆ ಬಂದರಂತೆ, ಪಾದ್ರಿಗೆ ನಮಸ್ಕಾರ ಮಾಡುವುದಕ್ಕೆ ಮಾತ್ರ.

1851ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರೇ ಸುಮಾರು 5,20,000. ಅದೇ ವರ್ಷ ಮಾರ್ಚ್ 30ರ ಭಾನುವಾರ ದೇಶದ ಎಲ್ಲ ಚರ್ಚುಗಳಿಗೆ ಬಂದವರ ತಲೆ ಎಣಿಸಿದರು. ಕ್ಯಾಥೊಲಿಕ್ ಚರ್ಚುಗಳ ಬೆಳಗಿನ ಪೂಜೆಗೆ ಬಂದವರು ಸುಮಾರು ಎರಡೂವರೆ ಲಕ್ಷ. ಎರಡೂ ಸಂಖ್ಯೆಯನ್ನು ಪಕ್ಕಪಕ್ಕ ಇಡಿ. ಐರಿಷರಲ್ಲಿ ಎಲ್ಲರೂ ಕ್ಯಾಥೊಲಿಕರಲ್ಲ, ನಿಜ. ಇಂಗ್ಲಿಷ್ ಕ್ಯಾಥೊಲಿಕರೂ ಇದ್ದರು, ಅದೂ ನಿಜ. ಆದರೂ ಚರ್ಚಿನ ಒಳಗೆ ಇದ್ದವರಿಗಿಂತ ಹೊರಗೆ ಉಳಿದವರೇ ಜಾಸ್ತಿ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಕೂರುವುದಕ್ಕೆ ಜಾಗವೇ ಇರಲಿಲ್ಲ, ಅದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಆಮೇಲೆ ಬರುತ್ತೇನೆ.

1850ರಲ್ಲಿ ಪೋಪ್ ಇಂಗ್ಲೆಂಡಿಗೆ ಮತ್ತೆ ಬಿಷಪ್ಪರನ್ನು ನೇಮಿಸಿದರು. ನಿಕೊಲಸ್ ವೈಸ್‌ಮನ್ ವೆಸ್ಟ್‌ಮಿನ್ಸ್ಟರಿನ ಮೊದಲ ಆರ್ಚ್‌ಬಿಷಪ್. ದೇಶದಲ್ಲಿ ದೊಡ್ಡ ಗಲಾಟೆ ಎದ್ದಿತು. ಪ್ರಧಾನಿ ಲಾರ್ಡ್ ಜಾನ್ ರಸೆಲ್ ಬಹಿರಂಗವಾಗಿ ಕಿಡಿಕಾರಿದರು. ರಾಜರಿಗೆ ಪಟ್ಟ ಕಟ್ಟುವ ವೆಸ್ಟ್‌ಮಿನ್ಸ್ಟರ್ ಅಬ್ಬೆಗೇ ಇವರು ಕೈ ಹಾಕುತ್ತಾರೆ ಎಂದು ಜನ ಕೂಗಿದರು. ವೈಸ್‌ಮನ್ ಇಂಗ್ಲೆಂಡಿನ ಜನತೆಗೆ ಒಂದು ಮನವಿ ಬರೆದರು. ದಿನಪತ್ರಿಕೆಗಳು ಅದನ್ನು ಪೂರ್ತಿ ಅಚ್ಚು ಹಾಕಿದವು. ಅದರಲ್ಲಿ ಅವರು ಹೇಳಿದ್ದರ ಸಾರ ಇದು: ಅಬ್ಬೆಯೂ ಅದರ ಆದಾಯವೂ ನನಗೆ ಬೇಡ. ಅದರ ನೆರಳಿನಲ್ಲೇ ಗಲ್ಲಿಗಳಿವೆ, ಕೊಳಕು ಕೇರಿಗಳಿವೆ. ಅಲ್ಲಿ ರೋಗ ಇದೆ, ಅಜ್ಞಾನ ಇದೆ, ಲೆಕ್ಕವಿಲ್ಲದಷ್ಟು ಬಡವರಿದ್ದಾರೆ, ಅವರಲ್ಲಿ ಬಹಳ ಜನ ಹೆಸರಿಗಾದರೂ ಕ್ಯಾಥೊಲಿಕರು. ವೆಸ್ಟ್‌ಮಿನ್ಸ್ಟರಿನಲ್ಲಿ ನನಗೆ ಬೇಕಾದ ಭಾಗ ಅದು. ಹಣ ಕೇಳದ ಮನವಿ ಇದು. ಆದರೆ ಮುಂದಿನ ಅರ್ಧ ಶತಮಾನ ಹಣ ಕೇಳಿದ ಎಲ್ಲ ಮನವಿಗಳ ಹಿಂದೆ ಈ ಮಾತು ನಿಂತಿದೆ. ಬಡವರೇ ನಮ್ಮ ಪಾಲು ಅಂತ ಒಬ್ಬ ಆರ್ಚ್‌ಬಿಷಪ್ ದೇಶದ ಮುಂದೆ ಹೇಳಿಬಿಟ್ಟರು. ಅದನ್ನು ಉಳಿಸಿಕೊಳ್ಳಬೇಕಲ್ಲ?

ಈಗ ಪೆನ್ನಿಯ ವಿಷಯ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಅಂದರೆ ಒಂದು ಪೌಂಡ್ ಆಗಬೇಕಾದರೆ 240 ಪೆನ್ನಿ. ಒಂದು ಸಾಧಾರಣ ಚರ್ಚಿಗೆ ಸಾವಿರಾರು ಪೌಂಡ್ ಬೇಕು. ಇದನ್ನು ಕೂಡಿಸುವುದು ಹೇಗೆ? ಸಂಬಳದ ದಿನ ಮುಖ್ಯ. ಹೆಚ್ಚಿನ ಕಡೆ ಶನಿವಾರ ಕೂಲಿ ಕೈಗೆ ಬರುತ್ತಿತ್ತು. ಶನಿವಾರ ಸಂಜೆಯೋ ಭಾನುವಾರವೋ ವಂತಿಗೆ ಎತ್ತುವವರು ಪುಸ್ತಕ ಹಿಡಿದು ಬೀದಿಗೆ ಇಳಿಯುತ್ತಿದ್ದರು. ಒಬ್ಬೊಬ್ಬರಿಗೆ ಇಂತಿಂಥ ಬೀದಿ ಅಂತ ಹಂಚಿಕೆ. ಇವರೂ ಬಡವರೇ, ಅದೇ ಕೇರಿಯವರು. ಮನೆ ಮನೆಗೆ ಹೋಗಿ ಒಂದು ಪೆನ್ನಿ, ಅರ್ಧ ಪೆನ್ನಿ ಇಸಿದುಕೊಂಡು ಪುಸ್ತಕದಲ್ಲಿ ಗುರುತು ಹಾಕುವುದು. ತಡ ಮಾಡಿದರೆ ಕೂಲಿ ಹೆಂಡದಂಗಡಿ ಸೇರುತ್ತಿತ್ತು, ಇಲ್ಲವೇ ಬಾಡಿಗೆಗೆ ಹೋಗುತ್ತಿತ್ತು. ಮನೆಯ ದುಡ್ಡು ಹೆಂಗಸರ ಕೈಯಲ್ಲಿ ಓಡಾಡುತ್ತಿತ್ತು. ಗಂಡನ ಕೂಲಿಯಲ್ಲಿ ಬ್ರೆಡ್ಡಿಗೆ, ಕಲ್ಲಿದ್ದಲಿಗೆ, ಬಾಡಿಗೆಗೆ ಹಂಚಿ, ಸತ್ತಾಗ ಮಣ್ಣು ಮಾಡಲು ಶವಸಂಸ್ಕಾರದ ಚೀಟಿಗೆ ಕಟ್ಟಿ, ಅದರ ಮೇಲೆ ಒಂದು ಪೆನ್ನಿ ಚರ್ಚಿಗೆ ಮಿಗಿಸಬೇಕು.

ಇದರ ಫಲವನ್ನು ಕಣ್ಣಾರೆ ನೋಡಬೇಕಾದರೆ ಲ್ಯಾಂಕಾಶೈರಿನ ಪ್ರೆಸ್ಟನ್ ಊರಿಗೆ ಹೋಗಬೇಕು. ಹತ್ತಿ ಗಿರಣಿಗಳ ಊರು. ಅಲ್ಲಿ ಸೇಂಟ್ ವಾಲ್ಬರ್ಗ್ ಚರ್ಚು ಇದೆ. 1850ರಲ್ಲಿ ಕೆಲಸ ಶುರುವಾಗಿ 1854ರಲ್ಲಿ ಪೂಜೆಗೆ ತೆರೆಯಿತು. ಆ ವರ್ಷಗಳನ್ನು ಗಮನಿಸಿ. 1853ರ ಕೊನೆಯಿಂದ 1854ರ ಮೇ ತನಕ ಪ್ರೆಸ್ಟನ್ನಿನ ಗಿರಣಿ ಮಾಲೀಕರು ಬೀಗ ಹಾಕಿ ಕೂತಿದ್ದರು. ಕೂಲಿ ಹೆಚ್ಚಿಸಿ ಅಂತ ಕೇಳಿದ್ದಕ್ಕೆ ಸಾವಿರಾರು ಕೆಲಸಗಾರರು ತಿಂಗಳುಗಟ್ಟಲೆ ಬೀದಿಯಲ್ಲಿ. ಆ ಚರ್ಚಿನ ಜನ ಅವರೇ, ಗಿರಣಿಯವರು. ಒಲೆ ಹೊತ್ತಿಸಲು ಕಷ್ಟವಾಗಿದ್ದ ವರ್ಷದಲ್ಲೇ ಚಾವಣಿ ಏರಿತು. ಎಂಥ ಚಾವಣಿ! ನಡುವೆ ಒಂದೂ ಕಂಬ ಇಲ್ಲದ ವಿಶಾಲ ಹಾಲ್, ಮೇಲೆ ಮರದ ತೊಲೆಗಳು. ಆಮೇಲೆ 1860ರ ದಶಕದಲ್ಲಿ ಗೋಪುರದ ಶಿಖರ ಮುಗಿಯಿತು. ಎತ್ತರ 309 ಅಡಿ. ಬ್ರಿಟನ್ನಿನ ಬೇರೆ ಯಾವ ಪ್ಯಾರಿಷ್ ಚರ್ಚಿಗೂ, ಅಂದರೆ ಊರು ಕೇರಿಯ ಚರ್ಚಿಗೂ, ಇಷ್ಟೆತ್ತರದ ಶಿಖರ ಇಲ್ಲ. ಗೋಪುರಕ್ಕೆ ಬಳಸಿದ ಸುಣ್ಣಕಲ್ಲು ಮೊದಲು ಪ್ರೆಸ್ಟನ್-ಲಾಂಗ್ರಿಡ್ಜ್ ರೈಲು ಹಳಿಯ ಕೆಳಗೆ ಸ್ಲೀಪರ್ ಆಗಿ ಹಾಸಿದ್ದ ಕಲ್ಲು. ಹಳೆ ಕಲ್ಲು, ಕಡಿಮೆ ಖರ್ಚು. 1791ರಲ್ಲಿ ಗೋಪುರ ಕಟ್ಟಬೇಡಿ ಎಂದು ಕಾನೂನು ಹೇಳಿದ್ದ ಜನ ಇವರು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಇಡೀ ಊರಿಗೆ ಕಾಣುವ ಗೋಪುರ ಎಬ್ಬಿಸಿದರು. ನನಗೆ ಇದನ್ನು ಹೇಳುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಸ್ವಲ್ಪ ಪಕ್ಕಕ್ಕೆ ಸರಿದು ಹೇಳುತ್ತೇನೆ. ಈ ಚರ್ಚಿನ ವಾಸ್ತುಶಿಲ್ಪಿ ಜೋಸೆಫ್ ಹ್ಯಾನ್ಸಮ್. ಲಂಡನ್ನಿನ ಹಳೆ ಚಿತ್ರಗಳಲ್ಲಿ ಕಾಣುವ ಎರಡು ಗಾಲಿಯ ಹ್ಯಾನ್ಸಮ್ ಕ್ಯಾಬ್ ಇವರ ಕಲ್ಪನೆಯೇ. ಅದರ ಹಕ್ಕನ್ನು 10,000 ಪೌಂಡಿಗೆ ಮಾರುವ ಮಾತಾಗಿತ್ತು. ಆ ಹಣ ಅವರಿಗೆ ಸಿಗಲೇ ಇಲ್ಲ. ಕ್ಯಾಥೊಲಿಕರಾಗಿದ್ದ ಅವರು ಮುಂದೆ ಇಂಥ ಎಷ್ಟೋ ಚರ್ಚುಗಳನ್ನು ಕಟ್ಟಿದರು.

ಶ್ರೀಮಂತರು ಕೊಡಲಿಲ್ಲವೇ ಅಂತ ನೀವು ಕೇಳಬಹುದು. ಕೊಟ್ಟರು. ಶ್ರೂಸ್‌ಬರಿಯ 16ನೇ ಅರ್ಲ್ (ಅದು ಅಲ್ಲಿನ ಕುಲೀನರ ಬಿರುದು) ಜಾನ್ ಟಾಲ್ಬಟ್ ಧಾರಾಳವಾಗಿ ಕೊಟ್ಟರು. ಚೀಡಲ್‌ನಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ಕಟ್ಟಿದ ಸೇಂಟ್ ಜೈಲ್ಸ್ ಚರ್ಚು, 1846ರಲ್ಲಿ ತೆರೆದದ್ದು, ಅವರ ಹಣದ್ದು. ಒಳಗೆ ಹೋದರೆ ಒಂದಂಗುಲ ಗೋಡೆಯೂ ಬಣ್ಣ ಇಲ್ಲದೆ ಬಿಟ್ಟಿಲ್ಲ. ಚಂದದ ಚರ್ಚು. ಆದರೆ ಅಂಥ ಅರ್ಲ್‌ಗಳು ಎಷ್ಟು ಜನ? ಅವರ ಎಸ್ಟೇಟುಗಳು ಹಳ್ಳಿಗಾಡಿನಲ್ಲಿ. ಬಡ ಕ್ಯಾಥೊಲಿಕರು ಬಂದರಿನಲ್ಲಿ, ಗಿರಣಿ ಊರುಗಳಲ್ಲಿ.

ನಗರದ ಮಧ್ಯಮ ವರ್ಗದವರಿಂದ ಹಣ ಎತ್ತುವ ದಾರಿಗಳು ಬೇರೆ. ಒಂದು, ದಾನದ ಪ್ರವಚನ. ಹೆಸರಾಂತ ಪ್ರವಚನಕಾರರನ್ನು ದೂರದಿಂದ ಕರೆಸುವುದು, ಪತ್ರಿಕೆಯಲ್ಲಿ ಮೊದಲೇ ಜಾಹೀರಾತು ಕೊಡುವುದು. 1840ರಲ್ಲಿ ಶುರುವಾದ 'ಟ್ಯಾಬ್ಲೆಟ್' ವಾರಪತ್ರಿಕೆಯಲ್ಲಿ ಇಂಥ ಜಾಹೀರಾತುಗಳು ಸಾಲುಸಾಲು. ಬಜಾರ್‌ಗಳು ನಡೆಯುತ್ತಿದ್ದವು. ಹೆಂಗಸರು ತಿಂಗಳುಗಟ್ಟಲೆ ಹೊಲಿದ, ಕಸೂತಿ ಹಾಕಿದ ಸಾಮಾನು ಅಲ್ಲಿ ಮಾರಾಟಕ್ಕೆ. ಉತ್ತರದ ಊರುಗಳಲ್ಲಿ ಟೀ ಪಾರ್ಟಿ ಬಹಳ ನಡೆಯುತ್ತಿತ್ತು. ಟಿಕೆಟ್ ಕೊಂಡು ಬಂದರೆ ಚಹಾ, ಬನ್ನು, ಹಾಡು, ಒಂದೆರಡು ಭಾಷಣ. ಮಿಕ್ಕ ಹಣ ಶಾಲೆಗೆ.

ಮನವಿ ದೇಶದ ಗಡಿ ದಾಟಿದ್ದೂ ಉಂಟು. 1851ರಲ್ಲಿ ಕ್ಯಾಥೊಲಿಕ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಅಕೀಲ್ಲಿ ಎಂಬ ಮಾಜಿ ಸನ್ಯಾಸಿಯ ನಡತೆಯನ್ನು ಬಯಲು ಮಾಡಿದರು. ಅವನು ಮಾನನಷ್ಟದ ಮೊಕದ್ದಮೆ ಹೂಡಿದ. 1853ರ ಜನವರಿಯಲ್ಲಿ ನ್ಯೂಮನ್‌ಗೆ ಬಿದ್ದ ದಂಡ 100 ಪೌಂಡ್. ಆದರೆ ಇಟಲಿಯಿಂದ ಸಾಕ್ಷಿಗಳನ್ನು ಕರೆತಂದು, ವಕೀಲರಿಗೆ ಕೊಟ್ಟು, ಖರ್ಚು 12,000 ಪೌಂಡ್ ದಾಟಿತ್ತು. ಇಂಗ್ಲೆಂಡ್, ಐರ್ಲೆಂಡ್, ಯುರೋಪು, ಅಮೆರಿಕದ ಕ್ಯಾಥೊಲಿಕರು ಆ ಹಣವನ್ನು ಚಂದಾ ಎತ್ತಿ ತುಂಬಿಕೊಟ್ಟರು.

ಜನ ಚರ್ಚಿನ ಹೊರಗೆ ಉಳಿದದ್ದಕ್ಕೆ ಇನ್ನೊಂದು ಕಾರಣ ಇದೆ ಅಂತ ಆಗಲೇ ಬಾಕಿ ಇಟ್ಟ ಮಾತಿಗೆ ಈಗ ಬರುತ್ತೇನೆ. ಇದು ನೋಯಿಸುವ ಭಾಗ. ಚರ್ಚಿನ ಖರ್ಚಿಗೆ ಬೆಂಚುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮುಂದಿನ ಬೆಂಚಿಗೆ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ಬೆಂಚು ಹಿಡಿಯದವರಿಂದ ಎಷ್ಟೋ ಚರ್ಚುಗಳಲ್ಲಿ ಬಾಗಿಲಲ್ಲೇ ಕಾಸು ಇಸಿದುಕೊಳ್ಳುತ್ತಿದ್ದರು. ಬಾಗಿಲ ಹತ್ತಿರ ಮೇಜು, ಅದರ ಹಿಂದೆ ಒಬ್ಬ. ಪೆನ್ನಿ ಇಟ್ಟು ಒಳಗೆ ಹೋಗು. ಬಡವರಿಗೆ ಕಾಸಿಲ್ಲದೆ ಬಿಡುವ ಪೂಜೆಯೂ ಇರುತ್ತಿತ್ತು, ಒಂದು ಮೂಲೆಯಲ್ಲಿ ನಿಲ್ಲುವ ಜಾಗವೂ ಇರುತ್ತಿತ್ತು. ಆದರೆ ಕೆಲಸ ಇಲ್ಲದ ವಾರ, ಹರಿದ ಬಟ್ಟೆ ಹಾಕಿಕೊಂಡು, ಆ ಮೇಜಿನ ಮುಂದೆ ನಿಂತು ನನ್ನ ಹತ್ತಿರ ಇಲ್ಲ ಅಂತ ಹೇಳುವುದಕ್ಕೆ ಎಷ್ಟು ಜನರಿಗೆ ಬಾಯಿ ಬರುತ್ತದೆ? ಸುಮ್ನೆ ಮನೆಯಲ್ಲೇ ಉಳಿಯುತ್ತಾರೆ, ಅಲ್ವಾ? ಬಡವರ ಪೆನ್ನಿಯಿಂದ ಎದ್ದ ಚರ್ಚಿನ ಬಾಗಿಲಲ್ಲಿ ಅದೇ ಪೆನ್ನಿ ಕಡುಬಡವರನ್ನು ತಡೆಯಿತು. ಪಾದ್ರಿಗಳನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಸಾಲಕ್ಕೆ ಬಡ್ಡಿ ಕಟ್ಟಬೇಕಿತ್ತು. ಆದರೂ ಅದು ಅನ್ಯಾಯವೇ.

ಆ ಮೇಜನ್ನು ದಾಟಿ ಬಡವರ ಮನೆಯೊಳಗೆ ಹೋದವರು ಕನ್ಯಾಸ್ತ್ರೀಯರು. 1839ರಲ್ಲಿ ಲಂಡನ್ನಿನ ಬರ್ಮಂಡ್ಸಿಯಲ್ಲಿ ಸಿಸ್ಟರ್ಸ್ ಆಫ್ ಮರ್ಸಿಯವರ ಮಠ ಶುರುವಾಯಿತು. ತೊಗಲು ಹದ ಮಾಡುವವರ, ಹಡಗುಕಟ್ಟೆಯವರ ಕೇರಿ ಅದು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಫ್ಲಾರೆನ್ಸ್ ನೈಟಿಂಗೇಲ್ ಜೊತೆ ಹೋದವರಲ್ಲಿ ಈ ಮಠದ ಸಿಸ್ಟರ್‌ಗಳೂ ಇದ್ದರು. ಅವರ ಮುಖ್ಯಸ್ಥೆ ಮದರ್ ಮೇರಿ ಕ್ಲೇರ್ ಮೂರ್ ಮತ್ತು ನೈಟಿಂಗೇಲ್ ಕೊನೆಯವರೆಗೂ ಗೆಳತಿಯರು. 1851ರಲ್ಲಿ ಫ್ರಾನ್ಸಿನಿಂದ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಬಂದರು. ದಿಕ್ಕಿಲ್ಲದ ಮುದುಕರನ್ನು ಸಾಕುವುದು ಅವರ ಕೆಲಸ. ಇವರು ಬ್ಯಾಂಕಿನ ವಿಳಾಸ ಕೊಟ್ಟು ಕಾಯಲಿಲ್ಲ. ದಿನಾ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೋಟೆಲು, ಮಾರುಕಟ್ಟೆ, ದೊಡ್ಡ ಮನೆಗಳ ಹಿತ್ತಲ ಬಾಗಿಲಿಗೆ ಹೋಗಿ ಮಿಕ್ಕ ಬ್ರೆಡ್ಡು, ತರಕಾರಿ, ಒಮ್ಮೆ ಕುದಿಸಿ ಬಿಟ್ಟ ಕಾಫಿ ಪುಡಿ ಇಂಥದ್ದನ್ನೆಲ್ಲ ಕೇಳಿ ತರುತ್ತಿದ್ದರು. ಅದರಲ್ಲೇ ಅಡುಗೆ. ಮೊದಲ ಬಡಿಸುವಿಕೆ ಮುದುಕರಿಗೆ, ಉಳಿದರೆ ತಮಗೆ.

ಈಗ ಮಕ್ಕಳ ವಿಷಯ. 1834ರ ಬಡವರ ಕಾನೂನಿನ ಪ್ರಕಾರ ದಿಕ್ಕಿಲ್ಲದವರು ಕೆಲಸ ಮಾಡಿಸಿಕೊಂಡು ಊಟ ಹಾಕುವ ಸರ್ಕಾರಿ ಆಸರೆಮನೆ, ಅಂದರೆ ವರ್ಕ್‌ಹೌಸ್ ಸೇರಬೇಕಿತ್ತು. ಅಲ್ಲಿ ಸೇರಿದ ಕ್ಯಾಥೊಲಿಕ್ ಮಗು ಹೆಚ್ಚಿನ ಕಡೆ ಸರ್ಕಾರಿ ಧರ್ಮದಲ್ಲೇ, ಅಂದರೆ ಪ್ರೊಟೆಸ್ಟಂಟ್ ಚರ್ಚ್ ಆಫ್ ಇಂಗ್ಲೆಂಡಿನಲ್ಲೇ, ಬೆಳೆಯುತ್ತಿತ್ತು. ಯಾವ ಮಗು ಯಾವ ಧರ್ಮದ್ದು ಅಂತ ರಿಜಿಸ್ಟರಿನಲ್ಲಿ ಬರೆಯುವುದು ಕಡ್ಡಾಯವಾದದ್ದು 1868ರಲ್ಲಿ. ಅದಕ್ಕೂ ಮೊದಲು, 1862ರ ಕಾನೂನಿನಿಂದ, ಮಂಜೂರಾದ ಖಾಸಗಿ ಶಾಲೆಗಳಿಗೆ ಇಂಥ ಮಕ್ಕಳನ್ನು ಕಳಿಸಲು ದಾರಿ ಆಗಿತ್ತು. ಆದರೆ ಕಳಿಸಬೇಕಾದರೆ ಅಂಥ ಶಾಲೆ, ಅನಾಥಾಲಯ ಇರಬೇಕಲ್ಲ. ಮತ್ತೆ ಹಣ.

1865ರಲ್ಲಿ ವೈಸ್‌ಮನ್ ತೀರಿಕೊಂಡು ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಆರ್ಚ್‌ಬಿಷಪ್ ಆದರು. ವೈಸ್‌ಮನ್ ನೆನಪಿಗೆ ಲಂಡನ್ನಿನಲ್ಲಿ ದೊಡ್ಡ ಕ್ಯಾಥೆಡ್ರಲ್ ಕಟ್ಟಬೇಕು ಎಂದು ಎಲ್ಲರ ಒತ್ತಾಯ. ಮ್ಯಾನಿಂಗ್ ಬೇಡ ಅನ್ನಲಿಲ್ಲ, ಜಾಗವನ್ನೂ ಕೊಂಡರು. ಆದರೆ 1866ರಲ್ಲಿ ಮೊದಲು ಹುಟ್ಟುಹಾಕಿದ್ದು ಬಡ ಮಕ್ಕಳ ಶಿಕ್ಷಣದ ನಿಧಿ. 20,000 ಮಕ್ಕಳನ್ನು ಓದಿಲ್ಲದೆ ಬಿಟ್ಟು, ನನ್ನ ಜನರನ್ನು ಹಿಂಡಿ ಕಲ್ಲು ಇಟ್ಟಿಗೆ ಪೇರಿಸಲೇ ಅಂತ ಕೇಳಿದರು. ಮ್ಯಾನಿಂಗ್ ಬದುಕಿರುವವರೆಗೂ ಆ ಜಾಗದಲ್ಲಿ ಕ್ಯಾಥೆಡ್ರಲ್ ಏಳಲಿಲ್ಲ. ಅಡಿಗಲ್ಲು ಬಿದ್ದದ್ದು 1895ರಲ್ಲಿ, ಅವರು ತೀರಿಕೊಂಡ ಮೂರು ವರ್ಷಕ್ಕೆ. ಇಡೀ ಶತಮಾನದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ತೀರ್ಮಾನ ಇದು. ಜನರ ಹತ್ತಿರ ಇರುವ ಹಣ ಇಷ್ಟೇ ಅಂತ ಗೊತ್ತಿದ್ದವರಿಗೆ ಮಾತ್ರ ಅದನ್ನು ಯಾವುದಕ್ಕೆ ಮೊದಲು ಕೇಳಬೇಕು ಅನ್ನುವ ಪ್ರಶ್ನೆ ಏಳುತ್ತದೆ. 1889ರಲ್ಲಿ ಲಂಡನ್ನಿನ ಹಡಗುಕಟ್ಟೆ ಕೂಲಿಗಳು ಗಂಟೆಗೆ ಆರು ಪೆನ್ನಿ ಕೊಡಿ ಅಂತ ಮುಷ್ಕರ ಹೂಡಿದಾಗ, 81 ವರ್ಷದ ಮ್ಯಾನಿಂಗ್ ಮಧ್ಯೆ ನಿಂತು ರಾಜಿ ಮಾಡಿಸಿದರು. ಪಾಪ್ಲರ್‌ನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಕೂತು ಕಾರ್ಮಿಕ ಮುಖಂಡರ ಜೊತೆ ತಾಸುಗಟ್ಟಲೆ ಮಾತಾಡಿದರು. ಚರ್ಚಿಗೆ ಬರುತ್ತಿದ್ದ ಪೆನ್ನಿ ಎಲ್ಲಿ ಹುಟ್ಟುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಲಿವರ್‌ಪೂಲಿನಲ್ಲಿ ಇದೇ ಹೊತ್ತಿಗೆ ಫಾದರ್ ಜೇಮ್ಸ್ ನೂಜೆಂಟ್ ಇದ್ದರು. ಅದೇ ಊರಲ್ಲಿ 1822ರಲ್ಲಿ ಹುಟ್ಟಿದವರು. 1863ರಲ್ಲಿ ವಾಲ್ಟನ್ ಜೈಲಿನ ಕ್ಯಾಥೊಲಿಕ್ ಪಾದ್ರಿ ಆದರು. ಆ ಜೈಲಿನ ಕೈದಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಥೊಲಿಕರು. ಇವರು ಜೈಲಿಗೆ ಬರುವ ಮೊದಲು ಎಲ್ಲಿದ್ದರು ಅಂತ ನೂಜೆಂಟ್ ಹಿಂದಕ್ಕೆ ನೋಡಿದರು. ಬೀದಿಯಲ್ಲಿ ಬೆಂಕಿಕಡ್ಡಿ ಮಾರುತ್ತಾ, ಬಾಗಿಲ ಸಂದಿಯಲ್ಲಿ ಮಲಗುತ್ತಾ ಇದ್ದ ಹುಡುಗರೇ ಅವರು. 'ಹುಡುಗನನ್ನು ಉಳಿಸಿ' ಎನ್ನುವುದು ಅವರ ಮನವಿಯ ಕೂಗಾಯಿತು. ಕನ್ನಡದಲ್ಲಿ ಎರಡೇ ಪದ, ಇಂಗ್ಲಿಷಿನಲ್ಲಿ ಮೂರು, ಅಷ್ಟು ಚಿಕ್ಕದು, ಗೋಡೆಯ ಮೇಲೆ ಬರೆದರೂ ಸಾಕು. ಹುಡುಗರ ಆಶ್ರಯಧಾಮ ತೆರೆದರು. ಅಲ್ಲಿ ಬಡಗಿ ಕೆಲಸ, ದರ್ಜಿ ಕೆಲಸ, ಚಪ್ಪಲಿ ಹೊಲಿಯುವುದು, ಅಚ್ಚುಮೊಳೆ ಜೋಡಿಸುವುದು ಕಲಿಸಿದರು. 'ಕ್ಯಾಥೊಲಿಕ್ ಟೈಮ್ಸ್' ಪತ್ರಿಕೆ ನಡೆಸಿದರು, ಹುಡುಗರಿಗೆ ಅಚ್ಚಿನ ಕೆಲಸ ಅದರಿಂದಲೂ ಸಿಕ್ಕಿತು. ಪ್ರೊಟೆಸ್ಟಂಟ್ ವ್ಯಾಪಾರಿಗಳೂ ಅವರಿಗೆ ಹಣ ಕೊಟ್ಟರು. ಧರ್ಮದ ಹೆಸರಲ್ಲಿ ಬೀದಿಜಗಳ ನಡೆಯುತ್ತಿದ್ದ ಲಿವರ್‌ಪೂಲಿನಲ್ಲಿ ಇದು ಸಣ್ಣ ಸಂಗತಿ ಅಲ್ಲ. 1905ರಲ್ಲಿ ಅವರು ತೀರಿಕೊಂಡರು, ಮರುವರ್ಷವೇ ಊರಿನ ನಡುವಿನ ಸೇಂಟ್ ಜಾನ್ಸ್ ಗಾರ್ಡನ್ಸ್‌ನಲ್ಲಿ ಅವರ ಪ್ರತಿಮೆ ನಿಂತಿತು.

ನೂಜೆಂಟ್ ಅವರನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಲೇಬೇಕು. 1870ರಲ್ಲಿ ಅವರು 24 ಮಕ್ಕಳನ್ನು ಹಡಗಿನಲ್ಲಿ ಕೆನಡಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹೊಲಮನೆಗಳಲ್ಲಿ ಅವರಿಗೆ ನೆಲೆ ಮಾಡಿಸಿದರು. ಮಕ್ಕಳನ್ನು ಹೀಗೆ ಕಳಿಸುವುದು ಆಗ ಪ್ರೊಟೆಸ್ಟಂಟ್ ಸಂಸ್ಥೆಗಳಲ್ಲೂ ನಡೆಯುತ್ತಿತ್ತು, ಬರ್ನಾಡೋ ಎಂಬವರ ಅನಾಥಾಲಯಗಳು ಅದಕ್ಕೆ ಹೆಸರಾದವು. 1886ರಲ್ಲಿ ಸಾಲ್ಫರ್ಡಿನ ಬಿಷಪ್ ಹರ್ಬರ್ಟ್ ವಾನ್ ಮ್ಯಾಂಚೆಸ್ಟರ್ ಸುತ್ತಿನ ಮಕ್ಕಳಿಗಾಗಿ ರಕ್ಷಣಾ ಸಂಘ ಕಟ್ಟಿದರು. ಅಲ್ಲಿಂದಲೂ ಮಕ್ಕಳು ಕೆನಡಾಕ್ಕೆ ಹೋದರು. ಕಳಿಸಿದವರಿಗೆ ಅದು ಕೊಳಕು ಗಲ್ಲಿಯಿಂದ ಬಯಲಿನ ಗಾಳಿಗೆ ಕಳಿಸಿದ ಹಾಗೆ. ದಾನಿಗಳಿಗೂ ಲೆಕ್ಕ ಸುಲಭ. ಹಡಗಿನ ಚಾರ್ಜು ಒಂದು ಸಲ ಕೊಟ್ಟರೆ ಮುಗಿಯಿತು, ಇಲ್ಲೇ ಇಟ್ಟುಕೊಂಡರೆ ವರ್ಷಗಟ್ಟಲೆ ಸಾಕಬೇಕು.

ಆ ಮಗುವಿನ ಕಡೆಯಿಂದ ನೋಡಿ. ಎಂಟೋ ಹತ್ತೋ ವರ್ಷ. ಅಣ್ಣ ಒಂದು ಹೊಲಕ್ಕೆ, ತಂಗಿ ಇನ್ನೊಂದು ಹೊಲಕ್ಕೆ, ನಡುವೆ ಮೈಲಿಗಟ್ಟಲೆ ಹಿಮ. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು, ಮಗನಂತೆ ಬೆಳೆದರು. ಎಷ್ಟೋ ಮಕ್ಕಳು ಸಂಬಳ ಇಲ್ಲದ ಆಳುಗಳಾದರು, ಹೊಡೆತ ತಿಂದರು. ಅನಾಥರು ಅಂತ ಕಳಿಸಿದವರಲ್ಲಿ ತಾಯಿ ಬದುಕಿದ್ದ ಮಕ್ಕಳೂ ಇದ್ದರು. ಮನವಿಗಳಲ್ಲಿ ಮಗುವಿನ ಹಸಿವು ಇದೆ, ಚಳಿ ಇದೆ, ಅದರ ಆತ್ಮದ ಚಿಂತೆ ಇದೆ. ನಿನಗೆ ಹೋಗಲು ಇಷ್ಟವೇ ಎಂದು ಮಗುವನ್ನು ಕೇಳಿದ ಮಾತು ಅಲ್ಲಿ ಕಾಣುವುದಿಲ್ಲ. ಇಂಥ ವಲಸೆ 20ನೇ ಶತಮಾನದಲ್ಲೂ, ಆಸ್ಟ್ರೇಲಿಯಾಕ್ಕೂ ಮುಂದುವರಿಯಿತು. 2010ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಪಾರ್ಲಿಮೆಂಟಿನಲ್ಲಿ ನಿಂತು, ಹೀಗೆ ಕಳಿಸಲಾದ ಮಕ್ಕಳ ಕ್ಷಮೆ ಕೇಳಿದರು. ನೂಜೆಂಟ್ ಹೆಸರಿನ ಸಂಸ್ಥೆ ಇವತ್ತಿಗೂ ಲಿವರ್‌ಪೂಲಿನಲ್ಲಿ ಕೆಲಸ ಮಾಡುತ್ತಿದೆ. ಕೆನಡಾದಲ್ಲಿರುವ ಮೊಮ್ಮಕ್ಕಳು, ಮರಿಮಕ್ಕಳು ಇಂಗ್ಲೆಂಡಿನ ಇಂಥ ಸಂಸ್ಥೆಗಳಿಗೆ ಕಾಗದ ಬರೆದು, ನಮ್ಮ ಅಜ್ಜನ ಕಡತ ಇದೆಯೇ, ಅವರ ಅಮ್ಮನ ಹೆಸರೇನು ಅಂತ ಈಗಲೂ ವಿಚಾರಿಸುತ್ತಾರೆ.